ಆರುನೂರ ಇಪ್ಪತ್ತೈದರ ಲೆಕ್ಕ

ಫಲಿತಾಂಶ ಹೊರಬೀಳುವ ದಿನ ಮನೆಯ ಗಾಳಿಯೇ ಬೇರೆ. ಹುಡುಗಿ ತಿಂಡಿಯ ತಟ್ಟೆಯನ್ನು ಮುಟ್ಟುವುದಿಲ್ಲ. ತಾಯಿ ದೇವರ ಮನೆಯಿಂದ ಹೊರಗೆ ಬರುವುದಿಲ್ಲ. ತಂದೆ ಪತ್ರಿಕೆಯ ಒಂದೇ ಪುಟವನ್ನು ಮೂರನೆಯ ಸಲ ಓದುತ್ತಾರೆ. ಮಧುಗಿರಿಯ ಬೆಟ್ಟದ ಬುಡದಲ್ಲಿರಲಿ, ಶಿರಾದ ಪೇಟೆಯಲ್ಲಿರಲಿ, ಕೊರಟಗೆರೆಯ ತೋಟದ ಮನೆಯಲ್ಲಿರಲಿ, ಪಾವಗಡದ ಗಡಿಯ ಹಳ್ಳಿಯಲ್ಲಿರಲಿ, ಎಸ್.ಎಸ್.ಎಲ್.ಸಿ. ಓದಿದ ಮಗುವಿರುವ ಮನೆಗಳೆಲ್ಲ ಅಂದು ಒಂದೇ ತೆರನಾಗಿರುತ್ತವೆ.

ಕಂದಾಯದ ದೃಷ್ಟಿಯಿಂದ ಈ ನಾಲ್ಕೂ ತುಮಕೂರು ಜಿಲ್ಲೆಯ ತಾಲ್ಲೂಕುಗಳೇ. ಆದರೆ ವಿದ್ಯಾ ಇಲಾಖೆಯ ಲೆಕ್ಕದಲ್ಲಿ ಇವೆಲ್ಲ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಬೇರೆಯಾಗಿ ನಿಲ್ಲುತ್ತವೆ. ಫಲಿತಾಂಶದ ದಿನ ತುಮಕೂರಿನ ಹೆಸರು ಒಂದು ಸಾಲಿನಲ್ಲಿ, ಮಧುಗಿರಿಯ ಹೆಸರು ಮತ್ತೊಂದು ಸಾಲಿನಲ್ಲಿ ಅಚ್ಚಾಗುವುದು ಇದರಿಂದಲೇ. ಜಿಲ್ಲೆಯ ಸ್ಥಾನ ಮೇಲೇರಿತೆ, ಕೆಳಗಿಳಿಯಿತೆ ಎಂಬ ಚರ್ಚೆ ಊರಿನದು. ಮನೆಯ ಚರ್ಚೆ ಒಂದೇ: ‘ಶೇಕಡಾ ಎಷ್ಟು?’

ಈ ಸರಳ ಪ್ರಶ್ನೆಗೆ ಒಂದೇ ಮನೆಯಲ್ಲಿ ಮೂರು ಉತ್ತರಗಳು ಬರುವುದುಂಟು.

ಒಂದು ಪಟ್ಟಿ, ಮೂರು ಉತ್ತರ

ಪಾವಗಡದ ಕಡೆಯ ಒಬ್ಬ ಹುಡುಗಿ 2025ರ ಪರೀಕ್ಷೆಗೆ ಕುಳಿತಿದ್ದಳೆಂದು ಇಟ್ಟುಕೊಳ್ಳಬಹುದು. ಪ್ರಥಮ ಭಾಷೆ ಕನ್ನಡದಲ್ಲಿ 98, ಇಂಗ್ಲಿಷಿನಲ್ಲಿ 62, ಹಿಂದಿಯಲ್ಲಿ 71, ಗಣಿತದಲ್ಲಿ 54, ವಿಜ್ಞಾನದಲ್ಲಿ 66, ಸಮಾಜ ವಿಜ್ಞಾನದಲ್ಲಿ 83. ಒಟ್ಟು 434 ಅಂಕಗಳು.

ಸೋದರಮಾವ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಭಾಗಾಕಾರ ಮಾಡಿ, ‘ಭಾವ, ಎಪ್ಪತ್ತೆರಡು ದಾಟಿದೆ!’ ಎಂದು ಕೂಗುತ್ತಾನೆ. ಆರು ವಿಷಯ, ಆರುನೂರು ಅಂಕ ಎಂಬುದು ಅವನ ಲೆಕ್ಕ, ಅದರಂತೆ 72.33. ಕಾಲೇಜಿಗೆ ಹೋಗುವ ಅಣ್ಣ ಒಂದೊಂದು ವಿಷಯದ ಶೇಕಡಾವಾರನ್ನು ಬೇರೆಬೇರೆ ತೆಗೆದು, ಕೂಡಿಸಿ, ಆರರಿಂದ ಭಾಗಿಸಿದರೆ 69.07 ಬರುತ್ತದೆ. ಹುಡುಗಿ ಮಾತ್ರ ತಲೆ ತಗ್ಗಿಸಿಕೊಂಡೇ, ‘ಅಲ್ಲ ಮಾವ, ಅರವತ್ತೊಂಬತ್ತು ಪಾಯಿಂಟ್ ನಾಲ್ಕು ನಾಲ್ಕು’ ಎನ್ನುತ್ತಾಳೆ.

ಹುಡುಗಿಯೇ ಸರಿ. ಪ್ರಥಮ ಭಾಷೆಗೆ 125 ಅಂಕ, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625. ಪಡೆದ ಅಂಕವನ್ನು ನೂರರಿಂದ ಗುಣಿಸಿ 625ರಿಂದ ಭಾಗಿಸಬೇಕು. ಮಾವನ ಲೆಕ್ಕ ಇಪ್ಪತ್ತೈದು ಅಂಕಗಳನ್ನು ಮರೆಯಿತು. ಅಣ್ಣನ ಲೆಕ್ಕ ಎಲ್ಲ ವಿಷಯಗಳನ್ನೂ ಒಂದೇ ತೂಕದವೆಂದು ಭಾವಿಸಿತು. ನಿಜವಾಗಿ ಪ್ರಥಮ ಭಾಷೆಯ ತೂಕ ಒಟ್ಟಿನ ಐದನೆಯ ಒಂದು ಪಾಲು, ಎಂದರೆ ಶೇಕಡಾ 20. ಉಳಿದ ಒಂದೊಂದರ ತೂಕ ಶೇಕಡಾ 16.

ಈ ತೂಕದ ಮಾತು ನಾಲ್ಕು ತಾಲ್ಲೂಕುಗಳಲ್ಲಿ ಬರಿಯ ಅಂಕಗಣಿತವಲ್ಲ. ಪಾವಗಡದ ಸುತ್ತ ಆಂಧ್ರದ ನೆಲ; ಅಲ್ಲಿನ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಓದು ಕನ್ನಡ. ಶಿರಾದ ಬೀದಿಗಳಲ್ಲಿ ಉರ್ದು ಮಾತಾಡುವ ಮನೆಗಳು ಬಹಳ. ಅತಿ ಹೆಚ್ಚು ಅಂಕವಿರುವ ವಿಷಯವೇ ಮನೆಯಲ್ಲಿ ಆಡದ ಭಾಷೆಯಾದಾಗ ಮಗುವಿನ ಶ್ರಮ ಇಮ್ಮಡಿಯಾಗುತ್ತದೆ. ತೆಲುಗು ಮನೆಯ ಹುಡುಗಿ ಕನ್ನಡದಲ್ಲಿ 98 ಪಡೆದಳೆಂದರೆ, ಅದು ಪಟ್ಟಿಯಲ್ಲಿ ಕಾಣುವುದಕ್ಕಿಂತ ದೊಡ್ಡ ಸಂಖ್ಯೆ.

ಅಕ್ಷರದ ಬೇಲಿ

ಸಂಖ್ಯೆಯ ಪಕ್ಕದಲ್ಲಿ ಶ್ರೇಣಿಯ ಅಕ್ಷರವೂ ಇರುತ್ತದೆ. 563ರಿಂದ 625ರವರೆಗೆ ‘ಎ ಪ್ಲಸ್’, 500ರಿಂದ 562ರವರೆಗೆ ‘ಎ’, 438ರಿಂದ 499ರವರೆಗೆ ‘ಬಿ ಪ್ಲಸ್’, 375ರಿಂದ 437ರವರೆಗೆ ‘ಬಿ’, 313ರಿಂದ 374ರವರೆಗೆ ‘ಸಿ ಪ್ಲಸ್’, ಅದರ ಕೆಳಗೆ ‘ಸಿ’. ಇದು 35ರ ತೇರ್ಗಡೆಯ ಕಾಲದ ಪಟ್ಟಿ.

562 ಪಡೆದವನಿಗೆ 89.92, 563 ಪಡೆದವನಿಗೆ 90.08. ನಡುವಿನ ಅಂತರ ಒಂದೇ ಅಂಕ. ಆದರೂ ಒಬ್ಬನು ಬೇಲಿಯ ಒಳಗೆ, ಇನ್ನೊಬ್ಬನು ಹೊರಗೆ. 500 ಪಡೆದವನೂ 562 ಪಡೆದವನೂ ಮಾತ್ರ ಒಂದೇ ಅಕ್ಷರದ ನೆರಳಿನಲ್ಲಿ ಕುಳಿತಿರುತ್ತಾರೆ! ಅಕ್ಷರವು ಮಕ್ಕಳ ನಡುವಣ ಅನಗತ್ಯ ಪೈಪೋಟಿಯನ್ನು ತಗ್ಗಿಸಬಹುದು. ಆದರೆ ಬೇಲಿಯ ಬಳಿ ನಿಂತ ಮಗುವಿಗೆ ಅದು ಬೇಲಿಯೇ.

ಪಾವಗಡದ ಹುಡುಗಿಗೆ ಬಂದುದು ‘ಬಿ’. ‘ಬಿ ಪ್ಲಸ್’ಗೆ ನಾಲ್ಕೇ ಅಂಕಗಳ ಕೊರತೆ. ಇಂಥವರಿಗೆ ದಾರಿಗಳಿಲ್ಲದಿಲ್ಲ. ಉತ್ತರಪತ್ರಿಕೆಯ ಪ್ರತಿಯನ್ನು ತರಿಸಿ ನೋಡಬಹುದು. ಮರು ಎಣಿಕೆ, ಮರು ಮೌಲ್ಯಮಾಪನ ಕೇಳಬಹುದು. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಏರ್ಪಾಡು ಬಂದಿತು; ತೇರ್ಗಡೆಯಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು. ಎರಡರಲ್ಲಿ ಹೆಚ್ಚಿನದು ಯಾವುದೋ ಅದೇ ಉಳಿಯುತ್ತದೆ. ಗಣಿತದಲ್ಲಿ 54 ಇದ್ದುದು 58 ಆದರೆ ಒಟ್ಟು 438, ಶೇಕಡಾ 70.08. ಆದರೆ ಎಲ್ಲದಕ್ಕೂ ಗಡುವಿನ ದಿನಗಳುಂಟು. ಮಾವನ 72ನ್ನೇ ನಂಬಿ ಸಿಹಿ ಹಂಚಿದ ಮನೆ ಆ ದಿನಗಳನ್ನು ಕಳೆದುಕೊಳ್ಳುತ್ತದೆ.

ಒಂದು ಅಂಕದ ಬೆಲೆ

ಒಂದು ಅಂಕಕ್ಕೆ ಶೇಕಡಾ 0.16. ಇಷ್ಟು ಸಣ್ಣ ತುಣುಕಿನಿಂದ ಏನಾದೀತು ಎಂಬವರು ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕರ ನೇಮಕವನ್ನು ನೆನೆಯಬೇಕು. ಆ ಕೆಲಸಕ್ಕೆ ಬೇರೆ ಪರೀಕ್ಷೆಯಿಲ್ಲ; ಹತ್ತನೆಯ ತರಗತಿಯ ಅಂಕಗಳಿಂದಲೇ ಅರ್ಹತಾ ಪಟ್ಟಿ. ಶೇಕಡಾವಾರನ್ನು ದಶಮಾಂಶದ ನಾಲ್ಕು ಸ್ಥಾನಗಳವರೆಗೆ ತೆಗೆಯುತ್ತಾರೆ. ನಮ್ಮ ಹುಡುಗಿಯದು 69.4400, ಒಂದೇ ಅಂಕ ಹೆಚ್ಚು ಪಡೆದ ಸಹಪಾಠಿಯದು 69.6000. ಹಳ್ಳಿಯ ಅಂಚೆ ಕಚೇರಿಯ ಒಂದೇ ಹುದ್ದೆಗೆ ಇಬ್ಬರೂ ಅರ್ಜಿ ಹಾಕಿದರೆ, ಆ ಒಂದು ಅಂಕವೇ ತೀರ್ಪು. ಮಳೆಯನ್ನು ನಂಬಿದ ನೆಲದಲ್ಲಿ ಮನೆಗೊಂದು ನಿಲುಗಡೆಯ ಸಂಬಳವೆಂದರೆ ಏನೆಂಬುದನ್ನು ಪಾವಗಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೇಂದ್ರೀಯ ಮಂಡಳಿಯ, ಎಂದರೆ ಸಿ.ಬಿ.ಎಸ್.ಇ.ಯ, ಮಕ್ಕಳದು ಬೇರೊಂದು ಕಥೆ. 2010ರಿಂದ 2017ರವರೆಗೆ ಅಲ್ಲಿ ಹತ್ತನೆಯ ತರಗತಿಯ ಪಟ್ಟಿಯಲ್ಲಿ ಅಂಕಗಳಿರಲಿಲ್ಲ, ಶ್ರೇಣಿಯ ಅಂಶಗಳಿದ್ದವು. 91ಕ್ಕೆ ಮೇಲೆ 10 ಅಂಶ, 81ರಿಂದ 90ರವರೆಗೆ 9, 71ರಿಂದ 80ರವರೆಗೆ 8, ಹೀಗೆ. ಐದು ಮುಖ್ಯ ವಿಷಯಗಳ ಅಂಶಗಳನ್ನು ಕೂಡಿಸಿ ಐದರಿಂದ ಭಾಗಿಸಿದರೆ ಬರುವುದೇ ‘ಸಿ.ಜಿ.ಪಿ.ಎ.’. ಅದನ್ನು 9.5ರಿಂದ ಗುಣಿಸಿದರೆ ಸರಿಸುಮಾರು ಶೇಕಡಾವಾರು.

ಹುಡುಗಿಯ ಪಟ್ಟಿಯನ್ನು ಹಿಂದಿಯೊಂದನ್ನು ಬಿಟ್ಟು ಈ ಮೂಸೆಗೆ ಹಾಕಿ ನೋಡಿದರೆ ಕನ್ನಡಕ್ಕೆ 8, ಇಂಗ್ಲಿಷಿಗೆ 7, ಗಣಿತಕ್ಕೆ 6, ವಿಜ್ಞಾನಕ್ಕೆ 7, ಸಮಾಜ ವಿಜ್ಞಾನಕ್ಕೆ 9. ಮೊತ್ತ 37, ಸರಾಸರಿ 7.4, ಅದನ್ನು 9.5ರಿಂದ ಗುಣಿಸಿದರೆ 70.3. ಅದೇ ಐದು ವಿಷಯಗಳ ನಿಜವಾದ ಸರಾಸರಿ 68.68. ಅಂಶಗಳ ಲೆಕ್ಕದಲ್ಲಿ 61 ಮತ್ತು 70 ಎರಡೂ ಏಳೇ ಆಗುವುದರಿಂದ ಈ ವ್ಯತ್ಯಾಸ. ಆದ್ದರಿಂದ ಅಂಕಗಳಿರುವ ಪಟ್ಟಿಯನ್ನು 9.5ರ ಲೆಕ್ಕಕ್ಕೆ ಎಳೆಯುವುದೂ, ಅಂಶಗಳಿರುವ ಪಟ್ಟಿಯನ್ನು ಬರಿದೆ ಹತ್ತರಿಂದ ಗುಣಿಸುವುದೂ ಎರಡೂ ತಪ್ಪು.

ಅಮೆರಿಕಕ್ಕೆ ಹೋಗಬಯಸುವವರನ್ನು ಅಲ್ಲಿನವರು ನಾಲ್ಕರ ಮಾನದ ಜಿ.ಪಿ.ಎ. ಕೇಳುತ್ತಾರೆ. ಅಲ್ಲಿ ‘ಎ’ಗೆ 4, ‘ಬಿ’ಗೆ 3, ‘ಸಿ’ಗೆ 2, ‘ಡಿ’ಗೆ 1, ಪ್ರತಿ ವಿಷಯದ ಅಂಶವನ್ನು ಅದರ ತೂಕದಿಂದ ಗುಣಿಸಿ, ಕೂಡಿಸಿ, ತೂಕಗಳ ಮೊತ್ತದಿಂದ ಭಾಗಿಸುತ್ತಾರೆ. ಶೇಕಡಾ 69.44ನ್ನು ತ್ರೈರಾಶಿಯಿಂದ 2.78 ಎಂದು ಬರೆದುಬಿಟ್ಟರೆ ಹುಡುಗಿ ತನಗೆ ತಾನೇ ಅನ್ಯಾಯ ಮಾಡಿಕೊಂಡಂತೆ. ಅಲ್ಲಿ ‘ಎ’ ಸಾಮಾನ್ಯವಾಗಿ 90ರ ಆಚೆಗೆ. ಇಲ್ಲಿ 60ಕ್ಕೇ ಪ್ರಥಮ ದರ್ಜೆ. ಪಟ್ಟಿಯಲ್ಲಿರುವ ಅಂಕಗಳನ್ನೇ ಬರೆದು, ಪರಿವರ್ತನೆಯನ್ನು ಕೇಳಿದವರಿಗೇ ಬಿಡುವುದು ಜಾಣತನ.

ತೇರ್ಗಡೆಯ ಗೆರೆ

ಮೇಲಿನ ಬೇಲಿಗಿಂತ ಕೆಳಗಿನ ಗೆರೆ ಹೆಚ್ಚು ಕಠಿನ. 2014-15ರಲ್ಲಿ ಬಂದ ಪದ್ಧತಿಯಂತೆ ಒಂದು ವಿಷಯದ ನೂರರಲ್ಲಿ 80 ಲಿಖಿತ ಪರೀಕ್ಷೆಗೆ, 20 ಶಾಲೆಯಲ್ಲಿ ವರ್ಷವಿಡೀ ನಡೆಯುವ ಆಂತರಿಕ ಮೌಲ್ಯಮಾಪನಕ್ಕೆ. ಲಿಖಿತದಲ್ಲಿ 28 ಬರಲೇಬೇಕೆಂಬುದು ಸಾಮಾನ್ಯ ನಿಯಮವಾಗಿತ್ತು. ಹೀಗಾಗಿ ಆಂತರಿಕದಲ್ಲಿ 20, ಲಿಖಿತದಲ್ಲಿ 27, ಒಟ್ಟು 47 ಪಡೆದವನು ಅನುತ್ತೀರ್ಣ. ಆಂತರಿಕದಲ್ಲಿ 8, ಲಿಖಿತದಲ್ಲಿ 28, ಒಟ್ಟು 36 ಪಡೆದವನು ಉತ್ತೀರ್ಣ! ನಲವತ್ತೇಳು ಬಂದರೂ ನಪಾಸಾದುದೇಕೆಂದು ತಲೆಚಚ್ಚಿಕೊಂಡ ತಂದೆಯರಿಗೆ ಉತ್ತರ ಇದೇ ಕಲಂನಲ್ಲಿತ್ತು.

ಗೆರೆಯೂ ನಿಂತಲ್ಲಿ ನಿಂತಿಲ್ಲ. 2024ರಲ್ಲಿ ಆ ವರ್ಷದ ಮಟ್ಟಿಗೆ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಲಾಯಿತು. 2025ರಲ್ಲಿ ಆ ಸೌಲಭ್ಯವಿರಲಿಲ್ಲ. 2025ರ ಅಕ್ಟೋಬರಿನಲ್ಲಿ ಸರ್ಕಾರವು ತೇರ್ಗಡೆಯ ಮಟ್ಟವನ್ನು ಶೇಕಡಾ 35ರಿಂದ 33ಕ್ಕೆ ಇಳಿಸಿರುವುದಾಗಿ ಪ್ರಕಟಿಸಿತು: ಒಟ್ಟು 625ಕ್ಕೆ 206, ಪ್ರತಿ ವಿಷಯದಲ್ಲಿ ಕನಿಷ್ಠ ಶೇಕಡಾ 30, ಅದೂ ಆಂತರಿಕ ಮತ್ತು ಲಿಖಿತ ಎರಡನ್ನೂ ಕೂಡಿಸಿ. 47 ಪಡೆದು ಸೋತ ಹುಡುಗ ಈ ನಿಯಮದಲ್ಲಿ ಗೆಲ್ಲುತ್ತಿದ್ದ. ಹುಡುಗ ಅವನೇ, ತಿಳಿವಳಿಕೆ ಅಷ್ಟೇ, ಬದಲಾದುದು ಗೆರೆ. ಆದ್ದರಿಂದ ಯಾವ ಅಂಕಪಟ್ಟಿಯನ್ನಾಗಲಿ ಆಯಾ ವರ್ಷದ ನಿಯಮದೊಡನೆ ಓದತಕ್ಕದ್ದು; ಅಕ್ಕನ ಪಟ್ಟಿಯನ್ನು ತೋರಿಸಿ ತಂಗಿಯನ್ನು ಹಳಿಯುವುದು ನ್ಯಾಯವಲ್ಲ.

ಸಂಜೆಯಾಗುತ್ತದೆ. ಮಾವ ಲಗ್ನಪತ್ರಿಕೆಯ ಹಿಂಬದಿಯ ಲೆಕ್ಕವನ್ನು ಹೊಡೆದುಹಾಕಿ 625ರಿಂದ ಮತ್ತೆ ಭಾಗಿಸುತ್ತಾನೆ. ಎಪ್ಪತ್ತೆರಡು ಅರವತ್ತೊಂಬತ್ತಾದುದಕ್ಕೆ ಅವನ ಮುಖ ಸ್ವಲ್ಪ ಬಾಡುತ್ತದೆ. ತಂದೆ ಮಾತ್ರ ಪಟ್ಟಿಯನ್ನು ತೆಗೆದುಕೊಂಡು ಮೊದಲನೆಯ ಸಾಲಿನ ಮೇಲೆ ಬೆರಳಿಡುತ್ತಾರೆ. ಅವರಿಗೆ ಸರಿಯಾಗಿ ಓದಲು ಬಾರದ ಭಾಷೆಯಲ್ಲಿ ಮಗಳಿಗೆ 98. ಆಮೇಲೆ ನಾಲ್ಕನೆಯ ಸಾಲಿಗೆ ಬಂದು ಕೇಳುತ್ತಾರೆ: ‘ಗಣಿತಕ್ಕೆ ಎರಡನೆಯ ಪರೀಕ್ಷೆ ಯಾವತ್ತಮ್ಮ?’

ಬೆಳಗಿನಿಂದ ಮುಟ್ಟದಿದ್ದ ತಟ್ಟೆಯನ್ನು ಹುಡುಗಿ ಆಗ ಹತ್ತಿರಕ್ಕೆ ಎಳೆದುಕೊಳ್ಳುತ್ತಾಳೆ.