ಪೀಪ್‌ಹೋಲ್ ಆಪ್ಟಿಮೈಸೇಶನ್

ಪೀಪ್‌ಹೋಲ್ ಆಪ್ಟಿಮೈಸೇಶನ್ ಎಂಬುದು ಕಂಪೈಲರ್ ಸಿದ್ಧಪಡಿಸಿದ ಕೆಳಹಂತದ ಸೂಚನೆಗಳಲ್ಲಿ ಅನಗತ್ಯವಾದವುಗಳನ್ನು ತೆಗೆದುಹಾಕುವ, ಇಲ್ಲವೇ ಅವುಗಳ ಬದಲಿಗೆ ಹಗುರವಾದ ಸೂಚನೆಗಳನ್ನು ಇರಿಸುವ ತಂತ್ರವಾಗಿದೆ. ಬಾಗಿಲಿನ ಇಣುಕುಕಿಂಡಿಯಿಂದ ಹೊರಗಿನ ಸ್ವಲ್ಪ ಭಾಗ ಮಾತ್ರ ಕಾಣುವಂತೆ, ಈ ತಂತ್ರವು ಒಮ್ಮೆಗೆ ಕೆಲವೇ ಸೂಚನೆಗಳನ್ನು ಪರಿಶೀಲಿಸುತ್ತದೆ. ಹೆಸರು ಬಂದದ್ದು ಇದರಿಂದಲೇ. 1965ರಲ್ಲಿ ವಿಲಿಯಂ ಮೆಕ್‌ಕೀಮನ್ ಅವರು ಇದೇ ಶೀರ್ಷಿಕೆಯ ಲೇಖನವನ್ನು 'ಕಮ್ಯುನಿಕೇಶನ್ಸ್ ಆಫ್ ದಿ ಎಸಿಎಂ' ನಿಯತಕಾಲಿಕದಲ್ಲಿ ಪ್ರಕಟಿಸಿದರು.

ಕಾರ್ಯವಿಧಾನ

ಕಂಪೈಲರ್ ಪ್ರೋಗ್ರಾಮಿನ ಪ್ರತಿಯೊಂದು ವಾಕ್ಯವನ್ನೂ ಬಿಡಿಬಿಡಿಯಾಗಿ ಅನುವಾದಿಸಿದಾಗ, ವಾಕ್ಯಗಳು ಕೂಡುವೆಡೆಯಲ್ಲಿ ಪುನರುಕ್ತಿ ಉಂಟಾಗುತ್ತದೆ. ಒಂದು ವಾಕ್ಯದ ಕೊನೆಯ ಸೂಚನೆ ರಿಜಿಸ್ಟರಿನಲ್ಲಿರುವ ಬೆಲೆಯನ್ನು ಮೆಮೊರಿಯಲ್ಲಿರುವ 'ಕ' ಎಂಬ ವೇರಿಯೇಬಲ್‌ಗೆ ಬರೆಯುತ್ತದೆ ಎಂದಿಟ್ಟುಕೊಳ್ಳೋಣ. ಮುಂದಿನ ವಾಕ್ಯಕ್ಕೂ 'ಕ' ಬೇಕಾದುದರಿಂದ, ಅದರ ಮೊದಲ ಸೂಚನೆ ಅದೇ ಬೆಲೆಯನ್ನು ಅದೇ ರಿಜಿಸ್ಟರಿಗೆ ಮರಳಿ ತರುತ್ತದೆ. ಈ ಎರಡನೆಯ ಸೂಚನೆ ವ್ಯರ್ಥವಾದುದರಿಂದ ಅದನ್ನು ಅಳಿಸಬಹುದು. ಆದರೆ ಪ್ರೋಗ್ರಾಮಿನ ಬೇರೊಂದು ಭಾಗದಿಂದ ಜಿಗಿತವು ನೇರವಾಗಿ ಆ ಸೂಚನೆಗೇ ಬರುವಂತಿದ್ದರೆ ಅಳಿಸುವಂತಿಲ್ಲ. ಆ ದಾರಿಯಲ್ಲಿ ಬಂದಾಗ ರಿಜಿಸ್ಟರಿನಲ್ಲಿ ಬೇರೆ ಬೆಲೆ ಇರಬಹುದು. ಕಿಂಡಿಯೊಳಗೆ ಸರಿಯಾಗಿ ಕಂಡ ಬದಲಾವಣೆ ಕಿಂಡಿಯ ಹೊರಗಿನ ಕಾರಣದಿಂದ ತಪ್ಪಾಗುವುದೇ ಈ ತಂತ್ರದ ಮುಖ್ಯ ತೊಡಕು.

ಒಂದು ಸೂಚನೆ ಅಳಿದ ಬಳಿಕ ಅದರ ಅಕ್ಕಪಕ್ಕದವು ಹತ್ತಿರವಾಗಿ ಹೊಸ ಪುನರುಕ್ತಿ ಕಾಣಿಸಿಕೊಳ್ಳಬಹುದು. ಆದ್ದರಿಂದ ಈ ಪರಿಶೀಲನೆಯನ್ನು ಸಾಮಾನ್ಯವಾಗಿ ಹಲವು ಬಾರಿ ನಡೆಸಲಾಗುತ್ತದೆ.

ಬದಲಿ ಸೂಚನೆಗಳು

ಪೂರ್ಣಾಂಕವನ್ನು 8ರಿಂದ ಗುಣಿಸುವ ಬದಲು ಅದರ ಬಿಟ್‌ಗಳನ್ನು 3 ಸ್ಥಾನ ಎಡಕ್ಕೆ ಸರಿಸಿದರೆ ಉತ್ತರ ಒಂದೇ. ಇದನ್ನು ನೋಡಿ, 2ರಿಂದ ಭಾಗಿಸುವ ಬದಲು ಒಂದು ಸ್ಥಾನ ಬಲಕ್ಕೆ ಸರಿಸಿದರೂ ಸಾಕೆಂದು ತೋರುವುದು ಸಹಜ. ಆದರೆ ಋಣಸಂಖ್ಯೆಗಳಲ್ಲಿ ಇದು ಕೆಡುತ್ತದೆ. ಸಿ ಭಾಷೆಯಲ್ಲಿ -1ನ್ನು 2ರಿಂದ ಭಾಗಿಸಿದರೆ 0 ಬರುತ್ತದೆ. ಚಿಹ್ನೆಯನ್ನು ಉಳಿಸಿಕೊಂಡು ಬಲಕ್ಕೆ ಸರಿಸಿದರೆ -1 ಆಗಿಯೇ ಉಳಿಯುತ್ತದೆ. ಆದಕಾರಣ ಕಂಪೈಲರ್‌ಗಳು ಋಣಸಂಖ್ಯೆಗೆ ಮೊದಲು 1ನ್ನು ಕೂಡಿಸಿ ಬಳಿಕ ಸರಿಸುತ್ತವೆ.

ಎಕ್ಸ್86 ಪ್ರೊಸೆಸರ್‌ಗಳಲ್ಲಿ 32 ಬಿಟ್‌ಗಳ 'ಇಎಎಕ್ಸ್' ರಿಜಿಸ್ಟರಿಗೆ ಸೊನ್ನೆಯನ್ನು ನೇರವಾಗಿ ತುಂಬುವ ಸೂಚನೆಗೆ 5 ಬೈಟ್ ಬೇಕು. ರಿಜಿಸ್ಟರನ್ನು ಅದರೊಂದಿಗೇ 'ಎಕ್ಸ್‌ಆರ್' ಮಾಡಿದರೆ 2 ಬೈಟ್ ಸಾಕು. ಆದರೆ ಎಕ್ಸ್‌ಆರ್ ಸೂಚನೆ ಫ್ಲ್ಯಾಗ್‌ಗಳನ್ನು ಬದಲಿಸುತ್ತದೆ. ಹೋಲಿಕೆಗೂ ಅದನ್ನು ಅವಲಂಬಿಸಿದ ಜಿಗಿತಕ್ಕೂ ನಡುವೆ ಇದನ್ನು ಇರಿಸಿದರೆ ಪ್ರೋಗ್ರಾಂ ತಪ್ಪು ದಾರಿ ಹಿಡಿಯಬಹುದು.

ಸ್ವಯಂಚಾಲಿತ ಶೋಧ ಮತ್ತು ಪರಿಶೀಲನೆ

ಇಂತಹ ನಿಯಮಗಳನ್ನು ಬಹುಕಾಲ ಕೈಯಿಂದಲೇ ಬರೆಯಲಾಗುತ್ತಿತ್ತು. 1987ರಲ್ಲಿ ಮಸಾಲಿನ್ ಅವರು ಅತಿ ಚಿಕ್ಕ ಸೂಚನಾಸರಣಿಯನ್ನು ಯಂತ್ರವೇ ಹುಡುಕುವ 'ಸೂಪರ್‌ಆಪ್ಟಿಮೈಸರ್' ಅನ್ನು ವಿವರಿಸಿದರು.

ನಿಯಮವೇ ತಪ್ಪಾಗಿದ್ದರೆ ಪ್ರೋಗ್ರಾಂ ಬರೆದವರ ದೋಷವಿಲ್ಲದೆಯೂ ಫಲಿತಾಂಶ ಕೆಡುತ್ತದೆ. ಮೂಲಪಠ್ಯವನ್ನು ಎಷ್ಟು ಓದಿದರೂ ಕಾರಣ ಸಿಗದು. 2015ರಲ್ಲಿ ಪ್ರಕಟವಾದ 'ಅಲೈವ್' ಎಂಬ ಸಾಧನವು ಈ ನಿಯಮಗಳನ್ನು ಗಣಿತಸೂತ್ರಗಳಾಗಿ ಪರಿವರ್ತಿಸಿ ಸಾಧಿಸಿ ನೋಡುತ್ತದೆ. ಎಲ್‌ಎಲ್‌ವಿಎಂ ಕಂಪೈಲರ್‌ನ 300ಕ್ಕೂ ಹೆಚ್ಚು ನಿಯಮಗಳನ್ನು ಹೀಗೆ ಪರೀಕ್ಷಿಸಿದಾಗ ಅವುಗಳಲ್ಲಿ 8 ತಪ್ಪೆಂದು ಕಂಡುಬಂದಿತು. ನಿಯಮ ತಪ್ಪಾಗಿದ್ದಲ್ಲಿ, ಮೂಲ ಮತ್ತು ಬದಲಿ ಸೂಚನೆಗಳು ಯಾವ ಬೆಲೆಗಳಿಗೆ ಬೇರೆ ಬೇರೆ ಉತ್ತರ ಕೊಡುತ್ತವೆ ಎಂಬ ಉದಾಹರಣೆಯನ್ನೂ ಈ ಸಾಧನ ತೋರಿಸುತ್ತದೆ.