ಕದಲದ ಗುಡುಗುಮೋಡ

1976ರ ಜುಲೈ 31, ಶನಿವಾರ. ಅಮೆರಿಕದ ಕೊಲರಾಡೊ, ರಾಜ್ಯವಾಗಿ ನೂರು ವರ್ಷ ತುಂಬುವ ಹಿಂದಿನ ದಿನ. ರಾಕಿ ಪರ್ವತಗಳ ನಡುವಿನ ಬಿಗ್ ಥಾಂಪ್ಸನ್ ಕಣಿವೆಯಲ್ಲಿ ಪ್ರವಾಸಿಗರು ಕಿಕ್ಕಿರಿದಿದ್ದರು. ಸಂಜೆ ಕಣಿವೆಯ ಮೇಲ್ಭಾಗದಲ್ಲಿ ಕಟ್ಟಿದ ಗುಡುಗುಮೋಡ ಅಲ್ಲಿಂದ ಕದಲಲೇ ಇಲ್ಲ. ಸುಮಾರು ನಾಲ್ಕು ಗಂಟೆಗಳಲ್ಲಿ ಕೆಲವೆಡೆ 300 ಮಿ.ಮೀ.ನಷ್ಟು ಮಳೆ ಸುರಿಯಿತು. 140ಕ್ಕೂ ಹೆಚ್ಚು ಜನ ಸತ್ತರು.

ಗುಡುಗುಮಳೆ ಎಂದರೆ ನಾವು ಹೆದರುವುದು ಗಾಳಿಗೆ. ಹೆದರಬೇಕಾದದ್ದೇ. ಮೋಡದಿಂದ ಬೀಳುವ ಮಳೆಹನಿಗಳು ಆವಿಯಾಗುವಾಗ ಸುತ್ತಲಿನ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ರಭಸದಿಂದ ಕೆಳಗೆ ಬೀಳುತ್ತದೆ, ನೆಲಕ್ಕೆ ಬಡಿದು ಎಲ್ಲ ದಿಕ್ಕಿಗೂ ಚಿಮ್ಮುತ್ತದೆ. ಬಿದ್ದ ಮರಗಳು ಒಂದೇ ನಡುಬಿಂದುವಿನಿಂದ ಹೊರಕ್ಕೆ ಮುಖ ಮಾಡಿರುವುದನ್ನು ಗಮನಿಸಿ ಈ ಗಾಳಿಯನ್ನು ಗುರುತಿಸಿದವರು ವಿಜ್ಞಾನಿ ಟೆಟ್ಸುಯಾ ಫುಜಿಟಾ. ಆದರೆ ಈ ಹೊಡೆತ ಸಾಮಾನ್ಯವಾಗಿ ಕೆಲವೇ ನಿಮಿಷಗಳದ್ದು.

ನೀರಿನ ಲೆಕ್ಕ ಬೇರೆ. 20 ಕಿ.ಮೀ. ಅಗಲದ ಮೋಡವೊಂದು ಗಂಟೆಗೆ 60 ಮಿ.ಮೀ. ಮಳೆ ಸುರಿಸುತ್ತಿದೆ ಎನ್ನೋಣ. ಅದು ಗಂಟೆಗೆ 40 ಕಿ.ಮೀ. ವೇಗದಲ್ಲಿ ಸಾಗಿದರೆ ಒಂದು ಊರಿಗೆ ಸಿಗುವುದು ಅರ್ಧ ಗಂಟೆಯ ಮಳೆ, 30 ಮಿ.ಮೀ. ಗಂಟೆಗೆ 5 ಕಿ.ಮೀ. ವೇಗದಲ್ಲಿ ತೆವಳಿದರೆ ಅದೇ ಊರಿಗೆ 240 ಮಿ.ಮೀ. ಮಳೆಯ ಬಿರುಸು ಹೆಚ್ಚಿಲ್ಲ; ಹೆಚ್ಚಿದ್ದು ಮೋಡ ತಂಗಿದ ಹೊತ್ತು. ಒಂದು ಚದರ ಕಿ.ಮೀ. ನೆಲದ ಮೇಲೆ ಬಿದ್ದ ಒಂದೊಂದು ಮಿ.ಮೀ. ಮಳೆಯೂ ಹತ್ತು ಲಕ್ಷ ಲೀಟರ್ ನೀರು.

ಬಿಗ್ ಥಾಂಪ್ಸನ್‌ನಲ್ಲಿ ಅಂದು ಪೂರ್ವದಿಂದ ಬೀಸಿದ ತೇವದ ಗಾಳಿ ಬೆಟ್ಟದ ಇಳಿಜಾರನ್ನು ಏರುತ್ತ ಮೋಡಕ್ಕೆ ಎಡೆಬಿಡದೆ ನೀರಾವಿ ಉಣಿಸಿತು. ಮೋಡವನ್ನು ಮುಂದಕ್ಕೆ ತಳ್ಳಬೇಕಿದ್ದ ಮೇಲ್ಮಟ್ಟದ ಗಾಳಿ ದುರ್ಬಲವಾಗಿತ್ತು. ಕೆಳಗೆ ಕಡಿದಾದ ಬಂಡೆ, ತೆಳು ಮಣ್ಣು; ಇಂಗಲು ಜಾಗವಿಲ್ಲದ ನೀರೆಲ್ಲ ಇಕ್ಕಟ್ಟಾದ ಕಣಿವೆಗೆ ನುಗ್ಗಿತು. ಅಷ್ಟಾಗಿ ಮಳೆಯಾಗದ ಕೆಳಭಾಗದವರಿಗೆ ಪ್ರವಾಹದ ಸುಳಿವೇ ಇರಲಿಲ್ಲ. ಕಾರಿನಲ್ಲೇ ಪಾರಾಗಲು ಹೊರಟ ಹಲವರು ಕೊಚ್ಚಿಹೋದರು. ಪ್ರವಾಹ ಬಂದರೆ ಮೇಲಕ್ಕೆ ಹತ್ತಿ ಎಂಬ ಫಲಕಗಳು ಆಮೇಲೆ ಕಣಿವೆಯ ರಸ್ತೆಯುದ್ದಕ್ಕೂ ನಿಂತವು.

ಕರ್ನಾಟಕದ ಏಪ್ರಿಲ್–ಮೇ ತಿಂಗಳ ಗುಡುಗುಮಳೆಗೂ ಇದೇ ಭೌತವಿಜ್ಞಾನ. ಗಾಳಿ ತಗ್ಗಿದರೂ ಮಳೆ ಅದೇ ಜಾಗದಲ್ಲಿ ಸುರಿಯುತ್ತಿದ್ದರೆ ಅಪಾಯ ಬೆಳೆಯುತ್ತಲೇ ಇರುತ್ತದೆ. ಎರಡು ಅಡಿ ಆಳದ ಹರಿವ ನೀರು ಬಹುತೇಕ ಕಾರುಗಳನ್ನು ಎತ್ತಿ ಒಯ್ಯಬಲ್ಲದು. ಅಂಡರ್‌ಪಾಸ್‌ನಲ್ಲಿ, ಸೇತುವೆಯ ಮೇಲೆ ನೀರು ಕಂಡರೆ ಗಾಡಿ ಇಳಿಸಬೇಡಿ, ತಿರುಗಿಸಿ.