ಮನೆಯ ಇಂಟರ್‌ನೆಟ್ ಲೈನು: ಕಟ್ಟುವ ಹಣಕ್ಕೆ ತಕ್ಕ ವೇಗ ಬರುತ್ತಿದೆಯೇ?



ಸಂಘದ ಲೆಕ್ಕದ ಪುಸ್ತಕದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆ ಆದರೂ ನೀವು ಬಿಡುವವರಲ್ಲ. ಉಳಿತಾಯ ಎಷ್ಟು, ಸಾಲ ಎಷ್ಟು, ಬಡ್ಡಿ ಎಷ್ಟು ಅಂತ ಬಾಯಲ್ಲೇ ಹೇಳುತ್ತೀರಿ. ಆದರೆ ತಿಂಗಳಿಗೆ ನಾನೂರು, ಐನೂರು, ಆರುನೂರು ಅಂತ ಇಂಟರ್‌ನೆಟ್‌ಗೆ ಕಟ್ಟುವ ಹಣದ ಲೆಕ್ಕ ಕೇಳಿದರೆ, "ಏನೋ ಸಿಸ್ಟರ್, ಬಂದರೆ ಬರುತ್ತೆ, ಇಲ್ಲಾಂದ್ರೆ ಇಲ್ಲ" ಅನ್ನುತ್ತೀರಿ. ಐನೂರು ರೂಪಾಯಿ ಬಾಡಿಗೆಗೆ ಶೇಕಡ 18 ಜಿಎಸ್‌ಟಿ ಸೇರಿದರೆ 590 ರೂಪಾಯಿ. ವರ್ಷಕ್ಕೆ 7,080 ರೂಪಾಯಿ. ಇದು ಒಂದು ಹೊಲಿಗೆ ಯಂತ್ರದ ಹಣ. ಆದ್ದರಿಂದ ಈ ಲೈನಿನ ಲೆಕ್ಕವನ್ನೂ ನಾವು ಕಲಿಯೋಣ.

ಲೈನು ನಮ್ಮ ಮನೆಗೆ ಹೇಗೆ ಬರುತ್ತದೆ?

ಬಿಎಸ್‌ಎನ್‌ಎಲ್ 2005ರಲ್ಲಿ ಬ್ರಾಡ್‌ಬ್ಯಾಂಡ್ ಶುರು ಮಾಡಿದಾಗ ಅದು ಟೆಲಿಫೋನಿನ ತಾಮ್ರದ ತಂತಿಯಲ್ಲೇ ಬರುತ್ತಿತ್ತು. ಎಕ್ಸ್‌ಚೇಂಜ್‌ನಿಂದ ಮನೆ ದೂರವಾದಷ್ಟೂ ವೇಗ ಕಡಿಮೆ. ನಾಲ್ಕೈದು ಕಿಲೋಮೀಟರ್ ಆಚೆ ಇದ್ದವರಿಗೆ ಬಹಳ ಕಷ್ಟ. ಈಗ ಹೊಸ ಲೈನುಗಳು ಹೆಚ್ಚಾಗಿ ಫೈಬರ್, ಅಂದರೆ ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆ. ಅದರೊಳಗೆ ಬೆಳಕು ಓಡುತ್ತದೆ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ನಂತರ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂತು.

ಒಂದು ಫೈಬರ್ ಒಂದೇ ಮನೆಗೆ ಮೀಸಲಲ್ಲ. ದಾರಿಯಲ್ಲಿ ಅದನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಕವಲು ಒಡೆಯುತ್ತಾರೆ. ಹಿರಿಯೂರಿನ ಅಕ್ಕಂದಿರಿಗೆ ಇದು ಬೇಗ ತಿಳಿಯುತ್ತದೆ. ಮಾರಿಕಣಿವೆ 2022ರಲ್ಲಿ 89 ವರ್ಷದ ನಂತರ ಕೋಡಿ ಬಿತ್ತು. ಜಲಾಶಯ ತುಂಬಿತು ಅಂತ ಕಾಲುವೆಯ ಕೊನೇ ಹೊಲಕ್ಕೆ ತಾನಾಗಿ ನೀರು ಬರುತ್ತದೆಯೇ? ಕಾಲುವೆ ಎಷ್ಟು ಅಗಲ, ಮೇಲಿನವರು ಎಷ್ಟು ಜನ ತೂಬು ತೆಗೆದಿದ್ದಾರೆ ಎನ್ನುವುದರ ಮೇಲೆ ನಮ್ಮ ಪಾಲು. ಇಂಟರ್‌ನೆಟ್ಟೂ ಹಾಗೆಯೇ. ರಾತ್ರಿ ಎಂಟು ಗಂಟೆಗೆ ಊರವರೆಲ್ಲ ಧಾರಾವಾಹಿ, ಕ್ರಿಕೆಟ್ ನೋಡುವಾಗ ವೇಗ ಇಳಿಯುವುದು ಇದಕ್ಕೇ.

ಗೊತ್ತಿರಬೇಕಾದ ನಾಲ್ಕು ಅಂಕಿಗಳು

1. ಡೌನ್‌ಲೋಡ್ ವೇಗ: ಹೊರಗಿನಿಂದ ನಮ್ಮ ಮನೆಗೆ ಬರುವುದು. ಇದನ್ನು ಎಂಬಿಪಿಎಸ್ ಎಂದು ಅಳೆಯುತ್ತಾರೆ. ಇಲ್ಲೊಂದು ಗೊಂದಲ ಇದೆ. ಫೋನಿನಲ್ಲಿ ಫೋಟೊ, ವಿಡಿಯೋ ಎಷ್ಟು "ಎಂಬಿ" ಅಂತ ತೋರಿಸುವುದು ಬೈಟ್ ಲೆಕ್ಕ. ಲೈನಿನ ವೇಗ ಬಿಟ್ ಲೆಕ್ಕ. 8 ಬಿಟ್ ಸೇರಿದರೆ 1 ಬೈಟ್. ಆದ್ದರಿಂದ 40 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ ಸುಮಾರು 5 ಎಂಬಿ ಬರುತ್ತದೆ. 300 ಎಂಬಿ ವಿಡಿಯೋಗೆ ಒಂದು ನಿಮಿಷ ಬೇಕು. "40 ಅಂದರು, 5 ತೋರಿಸುತ್ತೆ, ಮೋಸ" ಅಂತ ಜಗಳಕ್ಕೆ ಹೋಗುವ ಮುಂಚೆ 8ರಿಂದ ಭಾಗಿಸಿ ನೋಡಿ.

2. ಅಪ್‌ಲೋಡ್ ವೇಗ: ನಮ್ಮ ಮನೆಯಿಂದ ಹೊರಗೆ ಹೋಗುವುದು. ಹೊಲಿದ ಬ್ಲೌಸಿನ ಫೋಟೊ ಗಿರಾಕಿಗೆ ಕಳಿಸುವುದು, ಅರ್ಜಿಗೆ ದಾಖಲೆ ಹಾಕುವುದು, ವಿಡಿಯೋ ಕರೆಯಲ್ಲಿ ನಮ್ಮ ಮುಖ ಆ ಕಡೆಯವರಿಗೆ ಕಾಣುವುದು ಇದರಿಂದ.

3. ಪಿಂಗ್: ತೂಬು ಎತ್ತಿದ ಮೇಲೆ ಮೊದಲ ನೀರು ಹೊಲಕ್ಕೆ ಬರಲು ಹಿಡಿಯುವ ಸಮಯ ಇದ್ದ ಹಾಗೆ. ಇದರ ಅಳತೆ ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ. ಇದು ಕಡಿಮೆ ಇದ್ದಷ್ಟೂ ಒಳ್ಳೆಯದು. ವೇಗ ಚೆನ್ನಾಗಿದ್ದು ಪಿಂಗ್ ಹೆಚ್ಚಿದ್ದರೆ ವಿಡಿಯೋ ಕರೆಯಲ್ಲಿ ಮಾತು ತಡವಾಗಿ ಬರುತ್ತದೆ.

4. ಬೆಳಕಿನ ಬಲ: ಫೈಬರ್ ಮೋಡೆಮ್ಮಿನ ವಿವರಗಳಲ್ಲಿ "ಆರ್‌ಎಕ್ಸ್ ಪವರ್" ಎಂದು ಇರುತ್ತದೆ. ಅಂಕಿ ಮೈನಸ್ಸಿನಲ್ಲಿ ಇರುತ್ತದೆ, ಹೆದರಬೇಡಿ. ಮೈನಸ್ 20 ಎಂಬುದು ಮೈನಸ್ 26ಕ್ಕಿಂತ ಒಳ್ಳೆಯದು. 3 ಅಂಕಿ ಕೆಳಗೆ ಹೋದರೆ ಬೆಳಕು ಅರ್ಧಕ್ಕೆ ಇಳಿದಿದೆ ಎಂದು ಅರ್ಥ. ಸುಮಾರು ಮೈನಸ್ 27 ದಾಟಿದರೆ ಲೈನು ಬಿಟ್ಟು ಬಿಟ್ಟು ಬರುತ್ತದೆ. ಎಲ್ಲೋ ಜೋಡಣೆ ಸಡಿಲ ಆಗಿರಬಹುದು, ಅಥವಾ ಎಳೆ ಮಡಿಚಿರಬಹುದು. ಮೋಡೆಮ್ಮಿನ ಕೆಳಗಿನ ಚೀಟಿಯಲ್ಲಿ ಅದರ ವಿಳಾಸ ಇರುತ್ತದೆ (ಹೆಚ್ಚಾಗಿ 192.168.1.1). ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ತೆಗೆದು ತೋರಿಸುತ್ತಾರೆ. ಅಂಕಿ ಓದಿಕೊಳ್ಳಿ ಸಾಕು, ಬೇರೆ ಯಾವುದನ್ನೂ ಒತ್ತಬೇಡಿ.

ಮೋಡೆಮ್ಮಿನ ದೀಪಗಳು

"ಪಾನ್" ಎಂಬ ದೀಪ ಹಸಿರಾಗಿ ನಿಂತಿದ್ದರೆ ಎಕ್ಸ್‌ಚೇಂಜ್ ಜೊತೆ ಸಂಪರ್ಕ ಇದೆ. "ಲಾಸ್" ಎಂಬ ದೀಪ ಕೆಂಪಾಗಿದ್ದರೆ ಬೆಳಕು ಮನೆಗೆ ಬರುತ್ತಿಲ್ಲ. ಹೊರಗೆ ಎಲ್ಲೋ ಜೆಸಿಬಿ ಅಗೆದು ಫೈಬರ್ ಕತ್ತರಿಸಿರಬಹುದು, ಮನೆಯಲ್ಲಿ ಇಲಿ ಕಡಿದಿರಬಹುದು. ಆಗ ಮೋಡೆಮ್ ಹತ್ತು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನ ಇಲ್ಲ, ದೂರು ಕೊಡಬೇಕು. ಫೈಬರನ್ನು ಹಗ್ಗದ ಹಾಗೆ ಗಂಟು ಹಾಕಬೇಡಿ, ಬಟ್ಟೆ ಒಣಗಿಸಬೇಡಿ. ತುಂಡಾದ ತುದಿಗೆ ಕಣ್ಣಿಟ್ಟು ನೋಡಬೇಡಿ. ಅದರ ಬೆಳಕು ಕಾಣಿಸುವುದಿಲ್ಲ, ಆದರೆ ಕಣ್ಣಿಗೆ ಅಪಾಯ.

ತೊಂದರೆ ಎಲ್ಲಿದೆ ಎಂದು ಗುರುತಿಸುವುದು ಹೇಗೆ?

ಟ್ರಾಯ್ ಸಂಸ್ಥೆಯ "ಮೈಸ್ಪೀಡ್" ಆ್ಯಪ್ 2016ರಿಂದ ಇದೆ. ಅದರಲ್ಲಿ ಮೂರು ದಿನ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ದಿನ, ಹೊತ್ತು, ಡೌನ್‌ಲೋಡ್, ಅಪ್‌ಲೋಡ್, ಪಿಂಗ್ ಎಂದು ಐದು ಕಲಂ ಸಾಕು. ಅಳೆಯುವಾಗ ಮೊಬೈಲ್ ಡೇಟಾ ಆಫ್ ಇರಲಿ, ಮನೆಯಲ್ಲಿ ಬೇರೆಯವರು ವಿಡಿಯೋ ನೋಡದಿರಲಿ.

• ಮೋಡೆಮ್ ಪಕ್ಕದಲ್ಲಿ 38, ಅಡುಗೆಮನೆಯಲ್ಲಿ 6 ಬಂದರೆ ಲೈನು ಸರಿ ಇದೆ, ವೈಫೈ ತಲುಪುತ್ತಿಲ್ಲ. ದಪ್ಪ ಕಲ್ಲಿನ ಗೋಡೆ, ಮಣ್ಣಿನ ಗೋಡೆ ವೈಫೈಯನ್ನು ತಡೆಯುತ್ತವೆ. ಮೋಡೆಮ್ಮನ್ನು ಬೀರು ಹಿಂದೆ ಇಡದೆ ಮನೆಯ ನಡುವೆ, ಎತ್ತರದಲ್ಲಿ ಇಡಿ.

• ಫೋನಿನ ವೈಫೈ ವಿವರದಲ್ಲಿ "ಲಿಂಕ್ ಸ್ಪೀಡ್ 72" ಎಂದು ಕಂಡರೆ ಅದು ಫೋನಿನಿಂದ ಮೋಡೆಮ್‌ವರೆಗಿನ ವೇಗ ಮಾತ್ರ. ಹೊರಗಿನ ಲೈನಿಗೂ ಅದಕ್ಕೂ ಸಂಬಂಧ ಇಲ್ಲ. ಇದನ್ನು ತೋರಿಸಿ ಯಾರಾದರೂ "ನಿಮ್ಮ ಲೈನು ಚೆನ್ನಾಗಿದೆ" ಅಂದರೆ ಒಪ್ಪಬೇಡಿ.

• ಹಗಲು 37, ರಾತ್ರಿ ಮಾತ್ರ 9 ಬಂದರೆ ಕವಲಿನ ಮೇಲೆ ಭಾರ ಹೆಚ್ಚಾಗಿದೆ. ದೂರಿನಲ್ಲಿ ಹೊತ್ತನ್ನು ಬರೆಯಿರಿ.

• ತಿಂಗಳ ಕೊನೆಗೆ ಒಮ್ಮೆಲೇ 2 ಅಥವಾ 4ಕ್ಕೆ ನಿಂತರೆ ಪ್ಲಾನಿನ ಡೇಟಾ ಮಿತಿ ಮುಗಿದಿರಬಹುದು. "ಅನ್‌ಲಿಮಿಟೆಡ್" ಎಂದಿದ್ದರೂ ಒಂದು ಮಿತಿಯ ನಂತರ ವೇಗ ಇಳಿಸುವ ನಿಯಮ ಇರುತ್ತದೆ. ಸೇರುವಾಗಲೇ ಕೇಳಿ.

• ಬೇರೆಲ್ಲ ಚೆನ್ನಾಗಿ ತೆರೆದು ಒಂದೇ ಒಂದು ವೆಬ್‌ಸೈಟ್ ತೆರೆಯದಿದ್ದರೆ ತೊಂದರೆ ಆ ಸರ್ವರ್‌ನಲ್ಲಿದೆ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಎಷ್ಟೋ ಜನ ಕೂಲಿ ಬಿಟ್ಟು ಸಾಲಿನಲ್ಲಿ ನಿಂತದ್ದು ನಿಮಗೆ ನೆನಪಿರಬಹುದು. ರಾಜ್ಯದ ಲಕ್ಷಾಂತರ ಮಹಿಳೆಯರು ಒಟ್ಟಿಗೆ ಬಂದಾಗ ಸರ್ವರ್ ನಿಧಾನವಾಗುತ್ತದೆ. ಆಗ ಲೈನು ಬದಲಾಯಿಸಿ ಫಲವಿಲ್ಲ. ಹೋಗುವ ಮುಂಚೆ ಸೇವಾ ಕೇಂದ್ರಕ್ಕೆ ಒಂದು ಫೋನ್ ಮಾಡಿದರೆ ಒಂದು ದಿನದ ಕೂಲಿ ಉಳಿಯುತ್ತದೆ.

ನಮಗೆ ಎಷ್ಟು ವೇಗ ಸಾಕು?

ಇಂಡಿಯಾದಲ್ಲಿ ಬ್ರಾಡ್‌ಬ್ಯಾಂಡ್ ಎಂದು ಕರೆಯಲು 2004ರಲ್ಲಿ ಕನಿಷ್ಠ 256 ಕೆಬಿಪಿಎಸ್ ಇದ್ದರೆ ಸಾಕಿತ್ತು. 2013ರಲ್ಲಿ 512 ಆಯಿತು, 2023ರಲ್ಲಿ 2 ಎಂಬಿಪಿಎಸ್ ಎಂದು ನಿಗದಿಯಾಯಿತು. ಇದು ಕನಿಷ್ಠದ ಮಾತು. ಮಕ್ಕಳ ಒಂದು ಆನ್‌ಲೈನ್ ತರಗತಿಗೆ 2ರಿಂದ 4, ಸ್ಪಷ್ಟವಾದ ಒಂದು ವಿಡಿಯೋಗೆ 5 ಎಂಬಿಪಿಎಸ್ ಬೇಕು. ಒಂದೇ ಹೊತ್ತಿಗೆ ಮೂರು ನಾಲ್ಕು ಜನ ಬಳಸುವ ಮನೆಗೆ ನಿಜವಾಗಿ 30 ಬಂದರೆ ಧಾರಾಳ. ವೈಫೈ ತಲುಪದ ಮನೆಯಲ್ಲಿ 100ರ ಪ್ಲಾನ್ ಹಾಕಿಸಿದರೂ ಅಡುಗೆಮನೆಗೆ ಬರುವುದು ಅಷ್ಟೇ. ದೊಡ್ಡ ಪ್ಲಾನಿಗಾಗಿ ಸಂಘದಿಂದ ಸಾಲ ಕೇಳುವ ಮುಂಚೆ ಮೇಲಿನ ಅಳತೆ ಮಾಡಿ.

ದೂರು ಕೊಡುವಾಗ

"ನೆಟ್ ಬರ್ತಿಲ್ಲ ಅಣ್ಣ" ಎಂದು ಲೈನ್‌ಮ್ಯಾನ್‌ಗೆ ಬಾಯಲ್ಲಿ ಹೇಳಿದ್ದು ದೂರು ಆಗುವುದಿಲ್ಲ. ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿ ದೂರಿನ ಸಂಖ್ಯೆ ಪಡೆದು ಬರೆದಿಡಿ. "ಪ್ಲಾನ್ 40, ಮೂರು ದಿನ ರಾತ್ರಿ 9, ಆರ್‌ಎಕ್ಸ್ ಪವರ್ ಮೈನಸ್ 28" ಎಂದು ಅಂಕಿ ಹೇಳಿದರೆ ಅವರು ತಳ್ಳಿಹಾಕುವುದು ಕಷ್ಟ. ದೂರು ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಟ್ರಾಯ್‌ನ 2012ರ ನಿಯಮದ ಪ್ರಕಾರ ಇದಕ್ಕೆ ಶುಲ್ಕ ಇಲ್ಲ. ಲೈನು ಸತ್ತಿದ್ದ ದಿನಗಳಿಗೆ ಬಾಡಿಗೆ ಕಡಿತ ಉಂಟೇ ಎಂದೂ ಕೇಳಿ. ಕೇಳುವುದು ನಮ್ಮ ಹಕ್ಕು. ಒಂದೇ ಬೀದಿಯ ನಾಲ್ಕೈದು ಮನೆಯವರು ಒಟ್ಟಿಗೆ ದೂರು ಕೊಟ್ಟರೆ ಇನ್ನೂ ಬಲ. ಸಂಘ ಇರುವುದೇ ಇದಕ್ಕಲ್ಲವೇ?

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಎಷ್ಟು ಮನೆಗೆ ಲೈನು ಇದೆ? ಒಟ್ಟು ತಿಂಗಳಿಗೆ ಎಷ್ಟು ಹಣ ಹೋಗುತ್ತಿದೆ?
2. ಪ್ಲಾನಿನಲ್ಲಿ ಹೇಳಿದ ವೇಗ ಎಷ್ಟು, ನಾವು ಅಳೆದಾಗ ಬಂದದ್ದು ಎಷ್ಟು?
3. ಒಂದೇ ಕವಲಿನಲ್ಲಿ ತೊಂದರೆ ಇರುವ ಮನೆಗಳು ಯಾವುವು? ಒಟ್ಟಾಗಿ ದೂರು ಬರೆಯುವವರು ಯಾರು?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಸಂಘಗಳು ಮುಂದಿನ ಸಭೆಗೆ ತಮ್ಮ ಮೂರು ದಿನದ ಅಳತೆಯನ್ನು ಬರೆದು ತನ್ನಿ. ಕಾರ್ಯಕರ್ತೆಯರ ಜೊತೆ ಕುಳಿತು ನಾವೆಲ್ಲ ಸೇರಿ ಓದೋಣ.